ಕಾಣದ ಬೆಳಕನ್ನು ಬಣ್ಣವಾಗಿಸುವ ಹರಳುಗಳು

ಬೆಳಕು ಹೀರಿ ಬೆಳಕು ಸೂಸುವ ವಸ್ತುಗಳು ಸಾಮಾನ್ಯವಾಗಿ ಪಡೆದದ್ದಕ್ಕಿಂತ ಕಡಿಮೆ ಶಕ್ತಿಯ ಬೆಳಕನ್ನೇ ಹೊರಬಿಡುತ್ತವೆ. ಟ್ಯೂಬ್‌ಲೈಟಿನ ಒಳಮೈಗೆ ಬಳಿದ ಪುಡಿ ಅತಿನೇರಳೆ ಕಿರಣ ಹೀರಿ ಬಿಳಿ ಬೆಳಕು ಕೊಡುವುದು ಹೀಗೆಯೇ. ಸೋಡಿಯಂ ಇಟ್ರಿಯಂ ಫ್ಲೋರೈಡಿನ ಹರಳಿಗೆ ಇಟರ್ಬಿಯಂ ಮತ್ತು ಎರ್ಬಿಯಂ ಬೆರೆಸಿದಾಗ ಈ ಕ್ರಮ ತಿರುವುಮುರುವಾಗುತ್ತದೆ: 980 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಹಾಯಿಸಿದರೆ ಹಸಿರು ಹೊಮ್ಮುತ್ತದೆ. ಇಟರ್ಬಿಯಂ ತಾನು ಹೀರಿದ ಶಕ್ತಿಯನ್ನು ಪಕ್ಕದ ಎರ್ಬಿಯಂಗೆ ದಾಟಿಸುತ್ತದೆ. ಎರ್ಬಿಯಂ ನಡುವಿನ ಶಕ್ತಿಮಟ್ಟದಲ್ಲಿ ಸಾಕಷ್ಟು ಹೊತ್ತು ತಂಗುವುದರಿಂದ, ಅದು ಕೆಳಗಿಳಿಯುವ ಮುನ್ನ ಎರಡನೆಯ ಕಂತು ಬಂದು ಇನ್ನೂ ಮೇಲಕ್ಕೇರಿಸುತ್ತದೆ. ಅಪ್‌ಕನ್ವರ್ಷನ್ ಎಂಬ ಈ ಶಕ್ತಿ ವರ್ಗಾವಣೆಯನ್ನು 1966ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಓಜೆಲ್ ಗುರುತಿಸಿದರು. ಅದೇ ವರ್ಷ ಸೋವಿಯತ್ ಒಕ್ಕೂಟದ ಒವ್ಸ್ಯಾಂಕಿನ್ ಮತ್ತು ಫಿಯೊಫಿಲೊವ್ ಸ್ವತಂತ್ರವಾಗಿ ಅದನ್ನು ಕಂಡುಕೊಂಡರು.

ಈ ಹರಳುಗಳ ನಿಜವಾದ ಹೆಚ್ಚುಗಾರಿಕೆ ಬಣ್ಣದ ಮೇಲಿನ ಹಿಡಿತದಲ್ಲಿದೆ ಎಂಬುದು ನನ್ನ ವಾದ. ಕ್ವಾಂಟಂ ಚುಕ್ಕಿಗಳೆಂಬ ನ್ಯಾನೊಕಣಗಳಲ್ಲಿ ಕಣದ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ. ಇಲ್ಲಿ ಬಣ್ಣವನ್ನು ತೀರ್ಮಾನಿಸುವುದು ಯಾವ ಅಯಾನು ಯಾರ ನೆರೆಯಲ್ಲಿದೆ, ಎಷ್ಟು ದಟ್ಟವಾಗಿದೆ ಎಂಬುದು. ಥುಲಿಯಂ ನೀಲಿ ಕೊಡುತ್ತದೆ, ಎರ್ಬಿಯಂ ಹಸಿರನ್ನೂ ಕೆಂಪನ್ನೂ ಕೊಡುತ್ತದೆ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಫೆಂಗ್ ವಾಂಗ್ ಮತ್ತು ಶಿಯಾಗಾಂಗ್ ಲಿಯು 2008ರಲ್ಲಿ ಇಟರ್ಬಿಯಂ ಸೇರಿ ಈ ಮೂರು ಧಾತುಗಳ ಪ್ರಮಾಣವನ್ನಷ್ಟೇ ಹೊಂದಿಸಿ, ಒಂದೇ ಲೇಸರಿನಿಂದ ಬಣ್ಣಗಳ ಸಾಲನ್ನೇ ಹೊರಡಿಸಿದರು. ಇಟರ್ಬಿಯಂ ಹೆಚ್ಚಿಸಿದಷ್ಟೂ ಎರ್ಬಿಯಂನ ಶಕ್ತಿ ಅದರತ್ತ ಮರಳಿ ಹರಿದು, ಹಸಿರು ಕುಗ್ಗಿ ಕೆಂಪು ಮೇಲುಗೈ ಪಡೆಯುತ್ತದೆ.

ಹಾಗಾದರೆ ಪ್ರತಿ ಬಣ್ಣಕ್ಕೂ ಹೊಸ ಹರಳು ಬೆಳೆಸಬೇಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಲಿಯು ಅವರ ತಂಡ 2015ರಲ್ಲಿ ಅದಕ್ಕೆ ಸುಂದರವಾದ ಉತ್ತರ ಕೊಟ್ಟಿತು: ಪದರಪದರವಾಗಿ ಕಟ್ಟಿದ ಒಂದೇ ಹರಳಿನಲ್ಲಿ, ಲೇಸರ್ ಮಿಡಿತದ ಅವಧಿಯನ್ನು ಬದಲಿಸಿ ಹಸಿರು–ಕೆಂಪಿನ ಪ್ರಮಾಣವನ್ನು ತಿದ್ದಿ ತೋರಿಸಿತು. ದಕ್ಷತೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಲವು ನ್ಯಾನೊಹರಳುಗಳು ಹೀರಿದ ನೂರು ಫೋಟಾನುಗಳಿಗೆ ಒಂದನ್ನೂ ಮರಳಿ ಕೊಡುವುದಿಲ್ಲ. ಕಣ ಚಿಕ್ಕದಾದಷ್ಟೂ ಮೇಲ್ಮೈಯಲ್ಲಿ ಸೋರಿಕೆ ಹೆಚ್ಚು. ಬೆರಕೆಯಿಲ್ಲದ ಹೊರಕವಚ ತೊಡಿಸಿದರೆ ಸೋರಿಕೆ ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮನೆಯ ದೀಪಕ್ಕೆ ಇದು ಒದಗದು ಎಂದು ಒಪ್ಪಲೇಬೇಕು. ಆದರೆ ಜೀವಕೋಶವನ್ನು ಚಿತ್ರಿಸುವಾಗ ಪ್ರಖರತೆಗಿಂತ ಹಿನ್ನೆಲೆಯ ಕತ್ತಲೆ ಮುಖ್ಯ. ಅತಿನೇರಳೆ ಬೆಳಕಿಗೆ ಅಂಗಾಂಶ ತಾನೇ ಹೊಳೆದು ಚಿತ್ರವನ್ನು ಮಸುಕಾಗಿಸುತ್ತದೆ. ಅವಕೆಂಪು ಇನ್ನೂ ಆಳಕ್ಕಿಳಿದರೂ ಅಂಥ ಹೊಳಪನ್ನು ಎಬ್ಬಿಸುವುದಿಲ್ಲ. 980 ನ್ಯಾನೊಮೀಟರ್ ಕಿರಣ ಮೈಯ ನೀರನ್ನು ಬಿಸಿಮಾಡುತ್ತದೆಂಬ ತೊಡಕು ಮಾತ್ರ ಉಳಿಯಿತು. ನಿಯೋಡಿಮಿಯಂ ಸೇರಿಸಿ, ನೀರು ಅಷ್ಟಾಗಿ ಹೀರದ 808 ನ್ಯಾನೊಮೀಟರಿನ ಲೇಸರ್ ಬಳಸುವ ದಾರಿಯೂ ಈಗ ತೆರೆದಿದೆ.