ಅಂಗಳದಲ್ಲೊಂದು ಮಳೆಮಾಪಕ

ಪೊನ್ನಂಪೇಟೆ ಸಮೀಪದ ಈ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ. ಐದನೇ ತರಗತಿವರೆಗೆ ವಿಜ್ಞಾನ ಇರುವುದು ಪರಿಸರ ಅಧ್ಯಯನದೊಳಗೆ. ಪ್ರತ್ಯೇಕ ಪಾಠ ಶುರುವಾಗುವುದು ಆರರಿಂದ.

ಮೊದಲ ಕೋಣೆ ನಲಿಕಲಿಯದು. 1995ರಲ್ಲಿ, ನಾಗರಹೊಳೆ ಕಾಡಿನಾಚೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ ಇದು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂತಿದ್ದಾರೆ. ತಲೆಯ ಮೇಲೆ ಕಲಿಕಾ ಚಪ್ಪರ, ಗೋಡೆಯಲ್ಲಿ ಹವಾಮಾನ ನಕ್ಷೆ. ಜುಲೈ ತಿಂಗಳಲ್ಲವೇ, ನಕ್ಷೆಯ ತುಂಬ ಮಳೆಯದೇ ಗುರುತು.

ಐದನೆಯವರು ಅಂಗಳದಲ್ಲಿದ್ದರು. ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಮಗುಚಿ ಆಲಿಕೆಯ ಹಾಗೆ ಕೂರಿಸಿದ ಮಳೆಮಾಪಕ ಅವರದು. ಬಾಟಲಿಯ ತಳ ಉಬ್ಬುತಗ್ಗು. ಅದು ಮುಚ್ಚುವಷ್ಟು ಹರಳುಕಲ್ಲು, ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಸೊನ್ನೆಯಿಂದ ಗೆರೆ ಎಳೆದಿದ್ದಾರೆ. ಹುಡುಗಿಯೊಬ್ಬಳು ಮಂಡಿಯೂರಿ, ನೀರಿನ ಮಟ್ಟಕ್ಕೆ ಕಣ್ಣು ತಂದು ಓದಿದಳು: ‘38 ಮಿಲಿಮೀಟರ್, ಟೀಚರ್.’

‘ಡಬ್ಬಿಯ ಬಾಯಿ ದೊಡ್ಡದಿದ್ದರೆ ಜಾಸ್ತಿ ಬರಲ್ವಾ ಟೀಚರ್?’ ಹಿಂದಿದ್ದ ಹುಡುಗ ಕೇಳಿದ. ಶಿಕ್ಷಕಿ ಉತ್ತರ ಹೇಳಲಿಲ್ಲ. ನೆಟ್ಟಗಿನ ಪಕ್ಕಗಳಿರುವ ಎರಡು ಡಬ್ಬಿ ತರಿಸಿದರು, ಒಂದು ಅಗಲದ್ದು, ಒಂದು ಸಣ್ಣದು. ಎರಡನ್ನೂ ಮಳೆಯಲ್ಲಿ ಇಡಿಸಿದರು. ಬಿಸಿಯೂಟ ಮುಗಿದ ಮೇಲೆ ಸ್ಕೇಲ್ ಇಳಿಸಿ ನೋಡಿದರೆ ಎರಡರಲ್ಲೂ ಒಂದೇ ಎತ್ತರ! ಅಗಲದ ಡಬ್ಬಿಗೆ ನೀರೂ ಹೆಚ್ಚು ಬಿದ್ದಿದೆ, ಅದು ಹರಡಿಕೊಳ್ಳುವ ಜಾಗವೂ ಅಷ್ಟೇ ಹೆಚ್ಚಿದೆ. ಇದನ್ನು ಬಿಡಿಸಿ ಹೇಳಿದ್ದು ಪ್ರಶ್ನೆ ಕೇಳಿದ ಹುಡುಗನೇ. ಉತ್ತರ ಬಾಯಿಗೆ ಬಂದರೂ ತಡೆದುಕೊಂಡ ಆ ಶಿಕ್ಷಕಿಯ ತಾಳ್ಮೆ ದೊಡ್ಡದು.

ಕೊಡಗಿನ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆ ದಿನದ ಮಳೆ ಹೆಚ್ಚುಕಡಿಮೆ ಒಂದೂವರೆ ಇಂಚು ಎಂದು ಮಕ್ಕಳೇ ಭಾಗಾಕಾರ ಮಾಡಿ ಕಂಡುಕೊಂಡರು. ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಮಕ್ಕಳಿಗೆ ಇದು ಬರೀ ಲೆಕ್ಕವಲ್ಲ. ಬೇಸಿಗೆಯಲ್ಲಿ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಕಾಫಿ ಅರಳುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹೂ ಅರಳಿದ ಮೇಲೂ ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದನ್ನು ಗಾಳಿಯೋ ಜೇನ್ನೊಣವೋ ತರಬೇಕು ಎಂಬುದೂ ಅವರಿಗೆ ತಿಳಿಯಬೇಕು.

ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಆಗಾಗ ಇಂಥ ಶಾಲೆಗಳತ್ತ ಬರಲಿ. ತೋಟದ ಮಾಲೀಕರಲ್ಲೂ ಒಂದು ಕೋರಿಕೆ: ನಿಮ್ಮ ಮನೆಯಲ್ಲಿ ಹಳೆಯ ಮಳೆ ಲೆಕ್ಕದ ಪುಸ್ತಕಗಳಿದ್ದರೆ, ಅವುಗಳದೊಂದು ನಕಲನ್ನು ಹತ್ತಿರದ ಸರ್ಕಾರಿ ಶಾಲೆಗೆ ಕೊಡಿ. ತಾವು ಅಳೆದದ್ದನ್ನು ಮಕ್ಕಳು ಅದರ ಪಕ್ಕ ಇಟ್ಟು ನೋಡಲಿ.