ಬರಲಿರುವ ಯಂತ್ರವೂ ಇಂದಿನ ಬೀಗಗಳೂ

ಕ್ವಾಂಟಮ್ ಗಣಕಯಂತ್ರದ ವಾರ್ತೆ ಬಂದಾಗಲೆಲ್ಲ ಅದರ ವೇಗವೊಂದನ್ನೇ ಕೊಂಡಾಡುವದು ವಾಡಿಕೆಯಾಗಿದೆ. ಆದರೆ ಅದರಿಂದ ನಮ್ಮ ರಾಷ್ಟ್ರಕ್ಕೆ ಒದಗಬಹುದಾದ ಗಂಡಾಂತರದ ಕಡೆಗೂ ವಾಚಕರ ಲಕ್ಷ್ಯವನ್ನು ಸೆಳೆಯುವದು ಅವಶ್ಯವಾಗಿದೆ.

ಪ್ರಕೃತಿಯ ಸೂಕ್ಷ್ಮ ವ್ಯಾಪಾರಗಳು ಕ್ವಾಂಟಮ್ ನಿಯಮಗಳಂತೆ ನಡೆಯುವವಾದ್ದರಿಂದ ಅವನ್ನು ಅನುಕರಿಸುವ ಯಂತ್ರವೂ ಅದೇ ನಿಯಮಗಳಿಂದ ನಡೆಯಬೇಕೆಂದು ರಿಚರ್ಡ್ ಫೈನ್‌ಮನ್ನರು 1981ರಲ್ಲಿ ಸೂಚಿಸಿದರು. ಸಾಮಾನ್ಯ ಯಂತ್ರದ ಬಿಟ್ ಸೊನ್ನೆ ಇಲ್ಲವೆ ಒಂದು ಆಗಿರುವದು. ಇದರ ಕ್ಯೂಬಿಟ್ ಎರಡರ ಮಿಶ್ರಸ್ಥಿತಿಯಲ್ಲಿಯೂ ಇರಬಲ್ಲದು. ಅಷ್ಟರಿಂದಲೇ ಇದು ಎಲ್ಲ ಲೆಕ್ಕಗಳನ್ನೂ ಕ್ಷಣದಲ್ಲಿ ಮುಗಿಸುವ ಮಾಂತ್ರಿಕನೆಂದು ತಿಳಿಯಲಾಗದು. ಕೆಲವೇ ಬಗೆಯ ಲೆಕ್ಕಗಳಲ್ಲಿ ಇದರ ಸಾಮರ್ಥ್ಯವು ಪ್ರಕಟವಾಗುವದು.

ದುರ್ದೈವದಿಂದ, ನಮ್ಮ ಗುಟ್ಟುಗಳನ್ನು ಕಾಯುವ ಲೆಕ್ಕವೂ ಆ ಕೆಲವುಗಳಲ್ಲಿ ಸೇರಿದೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವದು ಸುಲಭ. ಗುಣಲಬ್ಧವನ್ನಷ್ಟೇ ಕೊಟ್ಟು ಮೂಲಸಂಖ್ಯೆಗಳನ್ನು ಹುಡುಕೆಂದರೆ ಇಂದಿನ ಯಂತ್ರಗಳು ಸೋಲುವವು. ಬ್ಯಾಂಕುಗಳ, ಸರಕಾರಗಳ ಗುಪ್ತ ವ್ಯವಹಾರವು ಬಹುಮಟ್ಟಿಗೆ ಇಂಥ ತೊಡಕುಗಳ ಮೇಲೆಯೇ ನಿಂತಿದೆ. ಪೀಟರ್ ಶೋರರು 1994ರಲ್ಲಿ ಈ ಬೀಗಕ್ಕೆ ಕೀಲಿಕೈಯನ್ನು ಕಾಗದದ ಮೇಲೆ ಮಾಡಿ ತೋರಿಸಿದರು. ಅದನ್ನು ತಿರುಗಿಸಬಲ್ಲ ಯಂತ್ರವು ಇನ್ನೂ ಹುಟ್ಟಿಲ್ಲ. 2,048 ಬಿಟ್ಟಿನ ಬೀಗವನ್ನು ತೆರೆಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಅಂದಾಜಾಗಿತ್ತು. 2025ರ ಅಂದಾಜು ಹತ್ತು ಲಕ್ಷಕ್ಕಿಂತಲೂ ಕೆಳಗಿಳಿಯಿತು. ಗೂಗಲ್ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವಿಲೋ ಎಂಬ ಚಿಪ್ಪಿನಲ್ಲಿ ಇದ್ದವು 105 ಮಾತ್ರ. ಅಂತರವು ದೊಡ್ಡದು, ನಿಜ. ಆದರೆ ಶತ್ರುವು ಕಾಯಬಲ್ಲನು! ಇಂದು ಕದ್ದು ಕೂಡಿಟ್ಟ ಗುಪ್ತಲೇಖವನ್ನು, ಅಂಥ ಯಂತ್ರವು ಕೈಗೆ ಬಂದ ದಿನ ಅವನು ನಿಶ್ಚಿಂತೆಯಿಂದ ಓದುವನು.

ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಐನ್‌ಸ್ಟೈನರಿಗೆ ಕಳಿಸಿದ ಲೇಖವು ಈ ಶಾಸ್ತ್ರದ ಅಸ್ತಿಭಾರದಲ್ಲಿ ಸೇರಿದೆ. ಆದ್ದರಿಂದ ಇದು ನಮಗೆ ಪರಕೀಯ ವಿದ್ಯೆಯಲ್ಲ. ಭಾರತ ಸರಕಾರವು 2023ರಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆಯಿತ್ತಿತು. ಅದರ ಗಣಕಯಂತ್ರ ವಿಭಾಗದ ಕೇಂದ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಹಿಸಿದ್ದು ಕನ್ನಡಿಗರಿಗೆ ಅಭಿಮಾನದ ಸಂಗತಿಯೇ ಸರಿ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರಗಳನ್ನು ಕಟ್ಟುವದು ಅದರ ಗುರಿ.

ಯಂತ್ರಕ್ಕೆ ಎಂಟು ವರ್ಷಗಳು ಹಿಡಿಯಲಿ. ಬೀಗಗಳನ್ನು ಬದಲಿಸಲು ಅಷ್ಟು ಕಾಯುವದೇಕೆ? ಅಮೇರಿಕೆಯ ಮಾನಕ ಸಂಸ್ಥೆಯು 2024ರ ಆಗಸ್ಟಿನಲ್ಲಿಯೇ ಹೊಸ ಬೀಗಗಳ ಮೂರು ಮಾನಕಗಳನ್ನು ಹೊರಡಿಸಿದೆ. ಅವುಗಳ ಗಣಿತವು ಗುಟ್ಟಿನದಲ್ಲ. ನಮ್ಮ ಪಂಡಿತರು ಪರೀಕ್ಷಿಸಿ ನೋಡಬಹುದು. ಅವುಗಳಿಗೆ ಕ್ವಾಂಟಮ್ ಯಂತ್ರವೂ ಬೇಡ, ಕಚೇರಿಯ ಮೇಜಿನ ಮೇಲಿರುವ ಸಾಮಾನ್ಯ ಗಣಕಯಂತ್ರವೇ ಸಾಕು.