ಮಣಿಕಟ್ಟಿನ ಶಿಲುಬೆ

ಕೊರಳ ಶಿಲುಬೆಯನ್ನು ಬೇಕೆಂದಾಗ ಬಿಚ್ಚಿಡಬಹುದು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಲ ಮಣಿಕಟ್ಟಿನ ಒಳಬದಿಗೆ ಹಾಕಿಸಿಕೊಳ್ಳುವ ಶಿಲುಬೆಗೆ ಆ ಅನುಕೂಲವಿಲ್ಲ. ನೀಲಿಗಪ್ಪು ಬಣ್ಣದ ಆ ಪುಟ್ಟ ಹಚ್ಚೆ ಸಿಂಗಾರಕ್ಕಲ್ಲ. ಮುಸ್ಲಿಮರೇ ಹೆಚ್ಚಿರುವ ನಾಡಿನಲ್ಲಿ ತಾವು ಯಾರೆಂದು ಹೇಳುವ ಗುರುತು. ಸಂತರ ಜಾತ್ರೆಗಳಲ್ಲಿ ಹೆತ್ತವರು ಎಳೆಯ ಮಕ್ಕಳಿಗೂ ಹಾಕಿಸುತ್ತಾರೆ. ಅಳು ಅರೆಗಳಿಗೆಯದು, ಹಚ್ಚೆ ಆಯುಷ್ಯದ್ದು.

ಜೆರುಸಲೇಮ್ ಯಾತ್ರೆ ಮುಗಿಸಿದವರು ಅದರ ನೆನಪಿಗೆ ಬೇರೊಂದು ಹಚ್ಚೆ ಹಾಕಿಸಿಕೊಳ್ಳುವುದುಂಟು. ಅಲ್ಲಿನ ಹಳೆಯ ಪಟ್ಟಣದಲ್ಲಿ, ಜಾಫಾ ಬಾಗಿಲಿನ ಹತ್ತಿರ, ಈಜಿಪ್ಟ್ ಮೂಲದ ರಝೂಕ್ ಮನೆತನಕ್ಕೆ ಇದೇ ಕಸುಬು. ಕೆತ್ತಿದ ಮರದ ಅಚ್ಚಿಗೆ ಮಸಿ ಸವರಿ ಚರ್ಮದ ಮೇಲೆ ಒತ್ತುತ್ತಾರೆ. ಮೂಡಿದ ಗೆರೆಯ ಮೇಲೆ ಸೂಜಿ ಓಡುತ್ತದೆ. ಸೂಜಿ ಈಗ ವಿದ್ಯುತ್ತಿನದು, ಅಚ್ಚುಗಳು ಮಾತ್ರ ಹಿರಿಯರ ಕಾಲದವು. 1950ರ ದಶಕದಲ್ಲಿ ಜಾನ್ ಕಾರ್ಸ್‌ವೆಲ್ ಇವುಗಳ ವಿನ್ಯಾಸಗಳನ್ನು ಪುಸ್ತಕವಾಗಿ ಹೊರತಂದರು.

ಯಾತ್ರಿಕರ ಮೆಚ್ಚಿನದು ಜೆರುಸಲೇಮ್ ಶಿಲುಬೆ: ನಡುವೆ ದೊಡ್ಡದೊಂದು, ಸುತ್ತ ನಾಲ್ಕು ಚಿಕ್ಕವು. ಐದೂ ಯೇಸುವಿನ ಐದು ಗಾಯಗಳು ಎನ್ನುವವರಿದ್ದಾರೆ. ನಡುವಿನದು ಯೇಸು, ಉಳಿದವು ಸುವಾರ್ತೆ ಬರೆದ ನಾಲ್ವರು ಎನ್ನುವವರೂ ಇದ್ದಾರೆ. ಜೊತೆಗೆ ಯಾತ್ರೆ ಮಾಡಿದ ಇಸವಿಯನ್ನೂ ಬರೆಸುವುದುಂಟು.

ಈಜಿಪ್ಟಿನಲ್ಲಿ ಅರ್ಥದ ಚರ್ಚೆಗಿಂತ ಗುರುತಿನದೇ ಮಾತು. 2017ರ ಏಪ್ರಿಲ್ 9ರಂದು, ಗರಿಗಳ ಭಾನುವಾರ, ಟಾಂಟಾ ಮತ್ತು ಅಲೆಕ್ಸಾಂಡ್ರಿಯಾದ ಚರ್ಚುಗಳ ಮೇಲೆ ಬಾಂಬ್ ದಾಳಿ ನಡೆದು 40ಕ್ಕೂ ಹೆಚ್ಚು ಜನ ಸತ್ತರು. ಇಂಥ ಭಯದ ನಡುವೆ ಚರ್ಚಿನ ಕಾವಲಿನವರಿಗೆ ಮಣಿಕಟ್ಟು ತೋರಿಸಿ ಒಳಹೋಗುವುದುಂಟು. ಬೀದಿಯಲ್ಲಿ ಹಗೆ ಸಾಧಿಸುವವನ ಕಣ್ಣಿಗೆ ಬೀಳುವುದೂ ಅದೇ ಶಿಲುಬೆ. ಇದು ಹೆತ್ತವರಿಗೆ ತಿಳಿಯದ್ದಲ್ಲ. ತಿಳಿದೇ ಮಗುವಿನ ಕೈಯನ್ನು ಸೂಜಿಯ ಮುಂದೆ ಹಿಡಿಯುತ್ತಾರೆ.